ಹಾರುದೋಣಿಯ ಹೊಟ್ಟೆಯ ತೂತುಗಳು

ಇಳಿದೂರು,
ಆಷಾಢದ ಮೂವತ್ತೆಂಟನೆಯ ದಿನ, ಇಳಿದ ಮೇಲಿನ ನೂರ ಎಪ್ಪತ್ತನೆಯ ವರ್ಷ.

ಹಾರುದೋಣಿಯ ಇಂಜಿನನ್ನು ಕಡೆಯ ಸಲ ಆರಿಸಿ, ಬಾಗಿಲೆಳೆದು, ಲಾರಿ ಹತ್ತಿ ಹೋಗಲಿರುವ ವಾಯುಪಡೆಯವರಿಗೆ, ಬಾಗಿಲಂಚಿನ ಮನೆತನದ ಮಾದೇವಿ ಮಾಡುವ ನಮಸ್ಕಾರ.

ಒಂದು ತಿಂಗಳಿಗೆ ಮೂವತ್ತೆಂಟು ದಿನ ಎಲ್ಲಿಂದ ಬಂತು ಎಂದು ನೀವು ಹುಬ್ಬೇರಿಸುವುದು ನನಗೆ ಇಲ್ಲಿಂದಲೇ ಕಾಣುತ್ತದೆ. ನಮ್ಮಲ್ಲಿ ಮೊದಲ ಮಳೆ ಬೀಳುವವರೆಗೆ ಆಷಾಢ ಮುಗಿಯುವುದಿಲ್ಲ. ಬಾರದ ಮಳೆಯನ್ನು ಬಂತೆಂದು ಬರೆದುಕೊಳ್ಳುವ ಪಂಚಾಂಗ ನಮಗೆ ಬೇಕಿಲ್ಲವೆಂದು ನಮ್ಮ ಹಿರಿಯರು ಅದನ್ನು ಎಂದೋ ಬದಿಗಿಟ್ಟರು. ನನ್ನ ಮಾತಿನಲ್ಲಿಯೂ ಏನಾದರೂ ವಿಚಿತ್ರವೆನ್ನಿಸಿದರೆ ಮನ್ನಿಸಿ. ನಿಮ್ಮ ಕಾಲದ ಬರವಣಿಗೆಯನ್ನು ನಾನು ಶಾಲೆಯಲ್ಲಿ ಕಲಿತವಳು, ಹಬ್ಬದ ಸೀರೆ ಉಟ್ಟು ನಡೆದ ಹಾಗೆ ಅಲ್ಲಲ್ಲಿ ತಡವರಿಸುತ್ತೇನೆ. ಇದು ಹಿಂದೋಲೆ. ಕೈಮೀರಿ ಹೋದ ಸಂಗತಿಯನ್ನು ಹಿಂದಿನವರಿಗೆ ಬರೆದು ಹೇಳುವುದು ನಮ್ಮಲ್ಲಿ ರೂಢಿ. ಅದು ತಲುಪುವುದಿಲ್ಲವೆಂದು ನಮಗೂ ಗೊತ್ತು. ಆದರೂ ಯಾರಿಗಾದರೂ ಹೇಳಿಕೊಳ್ಳಬೇಕಲ್ಲ.

ಹಾರುದೋಣಿ ಎಂದರೆ ಬೇರೇನಲ್ಲ, ಸೈನಿಕರನ್ನೂ ಸಾಮಾನನ್ನೂ ಹೊರುವ ನಿಮ್ಮ ಆ ದಪ್ಪ ಹೊಟ್ಟೆಯ ವಿಮಾನ. ಅದಕ್ಕೆ ನೀವು ಆಗಲೇ ನಿವೃತ್ತಿ ಕೊಟ್ಟಿರುತ್ತೀರಿ. ಅದರ ಜೊತೆಯವು ಒಂದೊಂದಾಗಿ ಗುಜರಿಗೆ ಹೋಗಿ, ಕರಗಿ, ಪಾತ್ರೆಪಗಡೆಯಾಗಿರುತ್ತವೆ. ಇದೊಂದು ಮಾತ್ರ ತನ್ನ ಸರದಿ ಕಾಯುತ್ತ ಮೈದಾನದ ಮೂಲೆಯಲ್ಲಿ ನಿಂತಿರುವಾಗ ಸಮುದ್ರ ಊರೊಳಗೆ ಬರುತ್ತದೆ. ಬೇರೆ ವಿಮಾನ ಸಿಗದೆ ನೀವು ಇದನ್ನೇ ಎಬ್ಬಿಸಿ ಕರಾವಳಿಗೆ ತರುತ್ತೀರಿ. ಮೀನುಗಾರರ ಒಂದು ಕೇರಿಗೆ ಕೇರಿಯನ್ನೇ ಹೊಟ್ಟೆಯಲ್ಲಿ ತುಂಬಿಕೊಂಡು, ಘಟ್ಟ ದಾಟಿ, ಈ ಒಣ ಬಯಲಿನ ಹಳೆಯ ರನ್‌ವೇಯಲ್ಲಿ ಇಳಿಸುತ್ತೀರಿ. ಇಳಿಯುವಾಗ ಮುಂದಿನ ಗಾಲಿ ಮುರಿಯುತ್ತದೆ. ಮತ್ತೆ ಅದು ಮೇಲೇಳುವುದಿಲ್ಲ. ನಿಮಗೆ ಇನ್ನೂ ಆಗಬೇಕಾದದ್ದು, ನಮಗೆ ಅಜ್ಜಿಯಂದಿರು ಹೇಳಿದ ಕತೆ.

ವಾಪಸ್ ಹೋಗಲು ನಮ್ಮವರಿಗೆ ಕೇರಿ ಉಳಿದಿರಲಿಲ್ಲ. ರೆಕ್ಕೆಯ ನೆರಳಿನಲ್ಲೇ ಒಲೆ ಹೂಡಿದರು, ಅದೇ ಊರಾಯಿತು. ಸಮುದ್ರವನ್ನೇ ಕಾಣದ ನಾವು ಇಂದಿಗೂ ಬಲೆ ನೇಯುತ್ತೇವೆ. ಅದು ಮೀನಿಗಲ್ಲ, ಚಳಿಗಾಲದ ಬೆಳಗಿನ ಮಂಜನ್ನು ಹಿಡಿದು ಕೊಡಕ್ಕೆ ಇಳಿಸಲು. ಮಂಜುಬಲೆ ಎನ್ನುತ್ತೇವೆ. ಮದುವೆಯಾದರೆ ರೆಕ್ಕೆಯ ಕೆಳಗೆ, ಜಗಳವಾದರೆ ಬಾಲದ ಕೆಳಗೆ ಸೇರುತ್ತೇವೆ. ಅಂದು ಯಾರು ಎಲ್ಲಿ ಕೂತು ಬಂದರೋ ಅದೇ ಮನೆತನದ ಹೆಸರು: ಬಾಗಿಲಂಚಿನವರು, ರೆಕ್ಕೆಬುಡದವರು, ಕಿಟಕಿಯವರು. ಜಾಗ ಸಿಗದೆ ನಿಂತೇ ಬಂದವರ ಮಕ್ಕಳು ‘ನಿಂತವರು’. ಮದುವೆಯೂಟದಲ್ಲಿ ಅವರಿಗೆ ಮಣೆ ಹಾಕುವಾಗ, ನಿಮಗ್ಯಾಕೆ ಮಣೆ ಎಂದು ಇವತ್ತಿಗೂ ಕಾಲೆಳೆಯುತ್ತೇವೆ. ಅವರೂ ಬಿಡುವುದಿಲ್ಲ, ಕೂತು ಬಂದವರು ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡ ಕತೆಯನ್ನು ಪಾಯಸ ಬಡಿಸುವ ಹೊತ್ತಿಗೇ ತೆಗೆಯುತ್ತಾರೆ. ಮಗು ಹುಟ್ಟಿದರೆ ಅದಕ್ಕೆ ‘ಜಾಗ ಹಿಡಿಸುತ್ತೇವೆ’. ಎಂದರೆ, ಹಾರುದೋಣಿಯ ಒಳಗೆ ಅದರ ಮನೆತನದ ಮೊದಲಿನವರು ಕೂತಿದ್ದ ನೆಲದ ಮೇಲೆಯೇ ಕೂಸನ್ನು ಮಲಗಿಸಿ, ಊರೆಲ್ಲ ಸುತ್ತ ನೆರೆದು ಹೆಸರಿಡುತ್ತೇವೆ. ಜಾಗ ಹಿಡಿಯದ ಕೂಸಿಗೆ ಹೆಸರಿಲ್ಲ, ಪಾಪು ಎಂದಷ್ಟೇ ಕರೆಯಬೇಕು. ನನ್ನ ಮಗಳು ಯಮುನೆ ಹೆತ್ತ ಹೆಣ್ಣುಕೂಸು ಇನ್ನೂ ಪಾಪುವೇ. ಅದು ಹಾಗೆಯೇ ಉಳಿದೀತೆಂಬ ಭಯದಿಂದಲೇ ಈ ಓಲೆ ಬರೆಯುತ್ತಿದ್ದೇನೆ.

ನೀವು ಹೊರಡುವ ಹೊತ್ತಿನಲ್ಲಿ ನಮ್ಮ ಮನೆತನದ ಮೊದಲಿನವಳು ಬಾಗಿಲ ಹತ್ತಿರವೇ ನಿಂತು, ಇದನ್ನು ನಾವು ನೋಡಿಕೊಳ್ಳುತ್ತೇವೆ, ಏನು ಮಾಡಬೇಕು ಹೇಳಿ ಎಂದು ಕೇಳಿದಳಂತೆ. ನಿಮ್ಮಲ್ಲೊಬ್ಬರು ಅವಸರದಲ್ಲಿ, ಒಳಗೆ ನೀರು ಬಿಡಬೇಡಿ ಎಂದಷ್ಟೇ ಹೇಳಿ ಲಾರಿ ಹತ್ತಿದರಂತೆ. ಅವಳು ದೋಣಿಯವಳು. ಅವಳು ಮಾಡಿದ ಮೊದಲ ಕೆಲಸವೆಂದರೆ ಅಂಗಾತ ಮಲಗಿ ಹೊಟ್ಟೆಯಡಿಗೆ ತೆವಳಿದ್ದು. ಅಲ್ಲಿ ಸಣ್ಣ ಸಣ್ಣ ತೂತುಗಳು ಕಂಡವು. ದೋಣಿಯವರಿಗೆ ಹೊಟ್ಟೆಯ ತೂತು ಎಂದರೆ ಸಾವು. ಹತ್ತಿಯ ನೂಲಿಗೆ ರಾಳ, ಎಣ್ಣೆ ಕಲಸಿ, ಮೊಂಡು ಉಳಿಯಿಂದ ಒತ್ತಿ ಒತ್ತಿ ಒಂದೂ ಬಿಡದೆ ಮುಚ್ಚಿದಳು. ಅಂದಿನಿಂದ ಪ್ರತಿ ಆಷಾಢದಲ್ಲಿ ನಮ್ಮ ಮನೆತನದ ಹೆಂಗಸರಿಗೆ ಅದೇ ಕೆಲಸ. ಹಳೆಯ ನೂಲಿನ ಮೇಲೆ ಹೊಸ ನೂಲು, ಅದರ ಮೇಲೆ ರಾಳ. ನನ್ನನ್ನು ಹೆತ್ತ ಅವ್ವಿ ಈಗ ಹಣ್ಣುಹಣ್ಣು ಮುದುಕಿ. ಅವಳ ಬೆರಳುಗಳಿಂದ ರಾಳದ ಕಪ್ಪು ಹೋದದ್ದನ್ನು ನಾನು ಕಂಡಿಲ್ಲ. ಬಾಗಿಲಂಚಿನವರು ಇಲ್ಲದಿದ್ದರೆ ಹಾರುದೋಣಿ ಇಷ್ಟು ದಿನ ಎಲ್ಲಿ ಬಾಳುತ್ತಿತ್ತು ಎಂದು ಊರು ನಮ್ಮನ್ನು ಹೊಗಳುತ್ತಿತ್ತು. ನಮಗೂ ಅದರ ಹಮ್ಮು ಸ್ವಲ್ಪ ಜಾಸ್ತಿಯೇ ಇತ್ತು.

ಹೋದ ವಾರ ಕೂಸಿಗೆ ಜಾಗ ಹಿಡಿಸಲೆಂದು ಒಳಗೆ ಹೋದೆವು. ಯಮುನೆ ಕೂಸನ್ನೆತ್ತಿಕೊಂಡು ಮುಂದೆ, ನಾನೂ ಅವ್ವಿಯೂ ಹಿಂದೆ. ಬಾಗಿಲಂಚಿಗೆ ಕಾಲಿಟ್ಟದ್ದೇ ತಡ, ನೆಲ ಹಪ್ಪಳ ಮುರಿದಂತೆ ಮುರಿದು ಅವಳು ಮೊಣಕಾಲಿನವರೆಗೆ ಒಳಗೆ ಹೋದಳು. ಕೂಸನ್ನು ನಾನು ಹಿಡಿದುಕೊಂಡೆ, ಅದಕ್ಕೆ ಏನೂ ಆಗಲಿಲ್ಲ. ಯಮುನೆಯ ಕಾಲು ಮೇಲೆ ಬಂದಾಗ ಕಪ್ಪು ನೀರು ಸುರಿಯುತ್ತಿತ್ತು. ಆ ನಾತಕ್ಕೆ ಊರವರೆಲ್ಲ ಮೂಗು ಮುಚ್ಚಿಕೊಂಡು ಹೊರಗೆ ಓಡಿದರು. ಹನಿ ನೀರಿಗಾಗಿ ಬಲೆ ಕಟ್ಟುವ ಊರಿನ ನಟ್ಟನಡುವೆ, ನಮ್ಮ ಕಾಲಡಿಯಲ್ಲೇ, ಅಷ್ಟು ನೀರು ಕೊಳೆಯುತ್ತ ನಿಂತಿತ್ತು.

ಲೋಹವೈದ್ಯೆಯನ್ನು ಕರೆಸಿದೆವು. ಸೇತುವೆ, ಕಂಬ, ಹಳೆಯ ಯಂತ್ರಗಳ ಮೈ ತಟ್ಟಿ ನೋಡಿ ರೋಗ ಹೇಳುವವರು ಅವರು. ಬಂದವಳು ರಜಿಯಾ ಎಂಬ ಬಯಲುಸೀಮೆಯ ಹುಡುಗಿ. ಇಡೀ ದಿನ ತಟ್ಟಿದಳು, ಹೊಟ್ಟೆಯಡಿಗೆ ತೆವಳಿ ನೋಡಿದಳು, ಹೊರಗೆ ಬಂದು ಕೈಯ ಕಪ್ಪನ್ನು ಒರೆಸಿಕೊಂಡಳು. ಕಡೆಗೆ, “ಅಕ್ಕಾರ, ಈ ತೂತ ಎದಕ್ಕರೆ ಬಡದ ಬಿದ್ದವ ಅಲ್ರೀ. ಒಳಗಿನ ನೀರ ಇಳದ ಹೋಗ್ಲಿ ಅಂತ ಮಾಡಿದವ್ರ ಇಟ್ಟದ್ರೀ ಇವ್ನ” ಎಂದಳು. ಕಿಟಕಿಯ ಸಂದಿಯಿಂದ ಇಳಿದ ಮಳೆ, ಚಳಿಗಾಲದ ಮಂಜು, ಪ್ರತಿ ಹೆಸರಿಡುವ ದಿನ ಒಳಗೆ ಕಿಕ್ಕಿರಿದು ನಿಂತ ನಮ್ಮೆಲ್ಲರ ಉಸಿರು, ಎಲ್ಲ ನೀರಾಗಿ ಕೆಳಗೆ ಇಳಿದು, ಹೊರಗೆ ದಾರಿ ಕಾಣದೆ ಅಲ್ಲೇ ಉಳಿದು ಲೋಹವನ್ನು ತಿಂದಿತ್ತು. ಬಾಗಿಲಂಚು ತಗ್ಗಿನ ಕಡೆ ಇರುವುದರಿಂದ ಅಲ್ಲಿಯೇ ಹೆಚ್ಚು. ಹಾರುದೋಣಿ ಬೆನ್ನು ಮುರಿದು ಮನೆಗಳ ಮೇಲೆ ಬೀಳುವ ಮುಂಚೆ, ಮಳೆಗಿಂತ ಮೊದಲು ಕತ್ತರಿಸಿಬಿಡಿ ಎಂದಳು. ನಾಳೆ ಕತ್ತರಿಸುತ್ತಾರೆ.

ಅವ್ವಿ ಪಕ್ಕದಲ್ಲೇ ನಿಂತು ಎಲ್ಲ ಕೇಳಿಸಿಕೊಂಡಳು. ಅಳುತ್ತಾಳೆಂದುಕೊಂಡೆ, ಅಳಲಿಲ್ಲ. ಮನೆಗೆ ಹೋಗಿ ಉಳಿ ತಂದು ಹೊಟ್ಟೆಯಡಿಗೆ ತೆವಳಿ, ತಾನೇ ತುಂಬಿದ್ದ ನೂಲನ್ನು ಕೆದಕಿ ಕೆದಕಿ ತೆಗೆಯತೊಡಗಿದಳು. ಇನ್ನೇನು ಪ್ರಯೋಜನ, ಬಾ ಅವ್ವಿ ಎಂದೆ. “ಹೋಗೂಕಿಂತ ಮುಂಚೆ ಅದ್ರ ಹೊಟ್ಟೆ ಹಗೂರ ಆಗ್ಲಿ, ಬಿಡೇ” ಎಂದಳು. ಆ ನೀರು ಅವಳ ಮುಖದ ಮೇಲೆ, ತಲೆಯ ಮೇಲೆ ಸುರಿಯಿತು. ನನಗೆ ನೋಡಲಾಗಲಿಲ್ಲ. ಪ್ರೀತಿಯಿಂದಲೇ ಕೊಂದೆವಲ್ಲ ಎಂಬ ಸಂಕಟ ಎಷ್ಟು ಬರೆದರೂ ತೀರುವುದಲ್ಲ.

ಪ್ರತಿ ಮನೆತನಕ್ಕೂ ಅದರ ಜಾಗದ ಒಂದು ತುಂಡು ಕೊಡೋಣ, ಅದರ ಮೇಲೆಯೇ ಮಕ್ಕಳನ್ನು ಮಲಗಿಸಿಕೊಳ್ಳಲಿ ಎಂದು ಊರವರು ತೀರ್ಮಾನಿಸಿದ್ದಾರೆ. ಒಳ್ಳೆಯ ಮನಸ್ಸಿನಿಂದ ಹೇಳಿದ ಮಾತು. ನಿಂತವರು ಕೂಡ ಒಂದು ತುಂಡು ಆರಿಸಿಕೊಂಡಿದ್ದಾರೆ. ಆದರೆ ನಮ್ಮ ಜಾಗದಲ್ಲಿ ತುಂಡೇ ಉಳಿದಿಲ್ಲ. ಕೈಯಿಟ್ಟರೆ ಬಿಳಿಯ ಪುಡಿ ಬರುತ್ತದೆ. ಬೇರೆಯವರು ತಮ್ಮದರಲ್ಲಿ ಪಾಲು ಕೊಡುತ್ತೇವೆ ಎನ್ನುತ್ತಾರೆ. ಬೇರೆಯವರ ಜಾಗದಲ್ಲಿ ಮಲಗಿದ ಕೂಸು ನಮ್ಮ ಮನೆತನದ್ದಾಗುವುದಿಲ್ಲ.

ನಿಮ್ಮಲ್ಲಿ ಒಂದೇ ಬೇಡಿಕೆ. ಹೊರಡುವಾಗ ಅವಸರ ಮಾಡಬೇಡಿ. ಬಾಗಿಲ ಹತ್ತಿರ ಒದ್ದೆ ಸೀರೆಯಲ್ಲಿ, ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಒಬ್ಬಳು ಬಂದು ನಿಲ್ಲುತ್ತಾಳೆ. ನಿಮ್ಮ ಭಾಷೆ ಅವಳಿಗೆ ಅಷ್ಟಕ್ಕಷ್ಟೆ. ಅವಳನ್ನು ಹೊಟ್ಟೆಯಡಿಗೆ ಕರೆದುಕೊಂಡು ಹೋಗಿ, ಆ ತೂತಿಗೆ ಬೆರಳಿಟ್ಟು ತೋರಿಸಿ, ಇದನ್ನು ಮುಚ್ಚಬೇಡ ತಾಯಿ ಎಂದು ಕೈಸನ್ನೆಯಲ್ಲಾದರೂ ಹೇಳಿ. ಅವಳು ಮರೆಯುವವಳಲ್ಲ. ನೀವು ಹೇಳಿದ್ದನ್ನು ಅವಳ ಮಕ್ಕಳೂ ಮೊಮ್ಮಕ್ಕಳೂ ಕಣ್ಣಿಗೊತ್ತಿಕೊಂಡು ಮಾಡುತ್ತಾರೆ, ಅದೇ ಅವರ ಕಷ್ಟ. ಯಮುನೆ ಕೂಸನ್ನೆತ್ತಿಕೊಂಡು ಹೊರಗೆ ನಿಂತಿದ್ದಾಳೆ. ಎಲ್ಲಿ ಮಲಗಿಸಲಿ ಎಂದು ಬೆಳಗಿನಿಂದ ಕೇಳುತ್ತಿದ್ದಾಳೆ. ಆ ಒಂದು ಮಾತು ನೀವು ಹೇಳಿ ಹೋಗಿದ್ದರೆ, ಇಲ್ಲಿ ಮಲಗಿಸು ಮಗಳೇ ಎನ್ನುತ್ತಿದ್ದೆ.