ಹದಿನಾಲ್ಕನೇ ಗುರುತು

ಮಾರ್ಚ್ 2, ಸೋಮವಾರ

ಇವತ್ತೂ ಬುರಿಗಂಗಾ ನದಿ ದಡದ ಕೇರಾಣಿಗಂಜ್ ರಿಪೇರಿ ಡಾಕ್. ಲಾಂಚ್‌ನ ಹೊಟ್ಟೆಯಡಿ ಕೂತು ಅಳತೆ. ಈದ್‌ಗೆ ಬಾರಿಸಾಲ್‌ಗೆ ಜನ ತುಂಬಿಕೊಂಡು ಹೋಗುವ ಲಾಂಚ್. ಹದಿನೆಂಟು ಕಡೆ ಸೀಮೆಸುಣ್ಣದ ಗುರುತು. ಜೆಲ್ ಸವರಿದೆ, ಪ್ರೋಬ್ ಒತ್ತಿದೆ, ಶಬ್ದ ಹಾಯಿಸಿ ದಪ್ಪ ಅಳೆಯುವ ಗೇಜ್ ತೋರಿಸಿದ್ದು ಬರೆದೆ. ಹೊಸದಿದ್ದಾಗ ಎಂಟು ಮಿಲಿಮೀಟರ್ ತಗಡು. ಆರಕ್ಕಿಂತ ಕೆಳಗಿಳಿದರೆ ಬದಲಿಸಬೇಕು. ಹದಿನಾಲ್ಕನೆಯದು 6.2. ಎಲ್ಲ ಪಾಸ್. ಸಹಿ ಹಾಕಿದೆ.

ಮಗಳು ಝುಮುರ್‌ಗೆ ಹಲ್ಲು ಬರುತ್ತಿದೆ. ಮೂರು ರಾತ್ರಿಯಿಂದ ನಿದ್ದೆಯಿಲ್ಲ. ಗೇಜ್ ಸರಿಯಿದೆಯೇ ಎಂದು ನೋಡುವ ಬ್ಲಾಕ್ — ಮೆಟ್ಟಿಲು ಮೆಟ್ಟಿಲಾದ ಉಕ್ಕಿನ ತುಂಡು — ಬೆಳಗ್ಗೆ ಅವಳ ಕೈಯಲ್ಲೇ ಉಳಿಯಿತು. ತಣ್ಣಗಿದೆಯಲ್ಲ, ಒಸಡಿಗೆ ಒತ್ತಿಕೊಳ್ಳುತ್ತಾಳೆ. ಅತ್ತೆ, "ಒಂದಿನ ಬಿಟ್ಟೋಗಮ್ಮಾ. ನಿನ್ನ ಕಬ್ಬಿಣ ಏನು ಕರಗೋಗುತ್ತಾ?"

ಬಿಟ್ಟುಹೋದೆ.

ಮಾರ್ಚ್ 3, ಬೆಳಗ್ಗೆ 5:20

ಉಪವಾಸಕ್ಕೆ ಮುಂಚಿನ ಸೆಹ್ರಿಯ ಅನ್ನ ತಿನ್ನುವಾಗ ಥಟ್ಟನೆ ಹೊಳೆಯಿತು. ಹೋದ ವಾರ ಅಳೆದದ್ದು ಅಲ್ಯೂಮಿನಿಯಂ ದೋಣಿ. ಆಮೇಲೆ ಗೇಜನ್ನು ಉಕ್ಕಿಗೆ ಬದಲಿಸಿದೆನಾ?

ಝುಮುರ್ ಬೆರಳು ಒಂದೊಂದೇ ಬಿಡಿಸಿ ಬ್ಲಾಕ್ ತೆಗೆದೆ. ಜೊಲ್ಲು ಒರೆಸಿದೆ. ಹತ್ತು ಮಿಲಿಮೀಟರ್ ದಪ್ಪದ ಮೆಟ್ಟಿಲಿಗೆ ಪ್ರೋಬ್ ಇಟ್ಟೆ.

10.7.

ಗೇಜ್‌ನಲ್ಲಿ ಇನ್ನೂ ಇರುವುದು ಅಲ್ಯೂಮಿನಿಯಂನಲ್ಲಿ ಶಬ್ದ ಓಡುವ ವೇಗ. ಉಕ್ಕೆಲ್ಲ ಇರುವುದಕ್ಕಿಂತ ದಪ್ಪ ಕಂಡಿದೆ. ಹಾಗಾದರೆ 6.2 ಅಂದರೆ... 5.8.

ಹೇಳಿದರೆ ಕೆಲಸ ಹೋದೀತು. ಹೇಳದಿದ್ದರೆ ಇವತ್ತು ಒಂಬತ್ತು ಗಂಟೆಗೆ ಲಾಂಚ್ ನೀರಿಗೆ.

ಅದೇ ದಿನ, ಇಫ್ತಾರ್ ಆದ ಮೇಲೆ

ಒಂಬತ್ತಕ್ಕೆ ಮೊದಲೇ ಡಾಕ್ ಮುಟ್ಟಿ, ಲಾಂಚ್ ತಡೆಸಿ, ಎಲ್ಲರೆದುರು ಬ್ಲಾಕ್ ಇಟ್ಟು ವೇಗ ಸರಿಮಾಡಿದೆ. ಹತ್ತು ಹತ್ತಾಯಿತು. ಹದಿನೆಂಟನ್ನೂ ಮತ್ತೆ ಅಳೆದೆ. ಹದಿನಾಲ್ಕು — 5.8. ಉಳಿದವು ಬಚಾವ್.

ಲಾಂಚ್‌ನ ಮ್ಯಾನೇಜರ್ ಮೋತಾಲೆಬ್ ಕೂಗಾಡಿದ. "ನಿನ್ನೆ ಪಾಸು, ಇವತ್ತು ಫೇಲು! ತಗಡೂ ರೋಜಾ ಉಪವಾಸ ಹಿಡಿದು ಸೊರಗೋಯ್ತಾ, ಆಪಾ?"

ಎಲ್ಲರೂ ನಕ್ಕರು.

"ನಿನ್ನೇನೂ ಇಷ್ಟೇ ಇತ್ತು, ಭಾಯ್. ತಪ್ಪು ನಂದು. ಬರೆದು ಕೊಡ್ತೀನಿ."

ಹಳೆಯ ಸಹಿಯ ಮೇಲೆ ಗೀಟು ನಾನೇ ಎಳೆದೆ.

ಮೋತಾಲೆಬ್ ಬಿಡಲಿಲ್ಲ. "ತಗಡು ಕೊಯ್ಸಿದ ಮೇಲೆ ಆರು ಬರ್ಲಿ, ನಿಮ್ಮ ಗೇಜ್ ಬುರಿಗಂಗಾ ಪಾಲು!"

"ಎಸೀರಿ," ಅಂದೆ.

ಮಾರ್ಚ್ 7

ಇಷ್ಟು ದಿನ ಡೈರಿ ಬರೆಯಲು ಧೈರ್ಯವಿರಲಿಲ್ಲ.

ಇವತ್ತು ತಗಡು ಕೊಯ್ದರು. ನನ್ನ ಮೇಲಿನ ಸರ್ವೇಯರ್ ಸೋಬಹಾನ್ ಸಾಹೇಬರು ಗುರುತಿನ ಮೇಲೇ ಕೊಯ್ಸಿ, ಅಂಚು ಉಜ್ಜಿಸಿ, ದಪ್ಪ ನೋಡಲು ವರ್ನಿಯರ್ ಅಳತೆಪಟ್ಟಿ ಕಚ್ಚಿಸಿದರು. ಮೋತಾಲೆಬನನ್ನು ಹತ್ತಿರ ಕರೆದರು. "ಜೋರಾಗಿ ಓದು."

"ಐದು... ಪಾಯಿಂಟ್ ಎಂಟು."

"ಗೇಜ್ ಎಸೀತೀಯಾ?"

ಅವನು ತಲೆ ಕೆರೆದುಕೊಂಡ. "ಇಲ್ಲ ಸಾರ್. ನಮ್ಮ ಇನ್ನೊಂದು ಲಾಂಚ್‌ಗೂ ಆಪಾನೇ ಬರ್ಲಿ."

ದಾರಿಯುದ್ದಕ್ಕೂ ಒಬ್ಬಳೇ ನಗುತ್ತಾ ಬಂದೆ. ರಿಕ್ಷಾದವ ತಿರುಗಿ ತಿರುಗಿ ನೋಡಿದ.

ಈದ್‌ಗೆ ಝುಮುರ್‌ಳನ್ನು ಲಾಂಚ್ ಹತ್ತುವ ಘಾಟ್‌ಗೆ ಕರೆದೊಯ್ಯಬೇಕು. ತೋರಿಸಬೇಕು — ಅಗೋ, ಅಲ್ಲಿ, ನೀರಿನ ಕೆಳಗೆ, ಅಮ್ಮನ ಹದಿನಾಲ್ಕನೇ ಗುರುತು. ಬ್ಲಾಕ್ ಈಗ ಪೆಟ್ಟಿಗೆಯಲ್ಲಿ, ಬೀಗ ಹಾಕಿ. ಅವಳಿಗೆ ಸ್ಟೀಲ್ ಚಮಚ ಕೊಟ್ಟೆ. ಎಸೆದಳು. ಪೆಟ್ಟಿಗೆಯ ಕಡೆಗೇ ಅಂಬೆಗಾಲು... ಏಯ್, ಮುಚ್ಚಳದ ಸಂದಿಗೆ ಬೆರಳು —