ಅರ್ಧ ಗಂಟೆಯ ಪಟ್ಟ

ಎಫುವಾ ಅಕ್ಕಾ,

ಮಾಂಪೊಂಗ್ ಕಡೆಯ ಈ ಹಳ್ಳಿಯಲ್ಲಿ ದುಭಾಷಿ ಕೆಲಸ ಮುಗಿಯಿತು, ಬದುಕಿದ್ದೇನೆ. ಅಮೆರಿಕದಿಂದ ಬಂದ ಲೆರಾಯ್ ಅವರಿಗೆ ಊರವರು ಗೌರವ ನಾಯಕನ ಪಟ್ಟ ಕಟ್ಟಿದರು. ಅರ್ಧ ಗಂಟೆಯಲ್ಲೇ ಅವರು ಚಪ್ಪಲಿ ಕಳಚಿ ಬರಿಗಾಲನ್ನು ನೆಲಕ್ಕಿಟ್ಟರು. ನಾಯಕನ ಪಾದ ನೆಲ ಮುಟ್ಟಿದರೆ ಪಟ್ಟ ಹೋದಂತೆ. ಡೋಲು ನಿಂತವು.

“ಯಾಕ್ ಹಿಂಗ್ ಮಾಡ್ದ? ಕೇಳೋ,” ಎಂದು ಊರಿನ ರಾಜಮಾತೆ ನನಗೆ ಹೇಳಿದರು.

“ಚಪ್ಪಲಿ ಸಿಕ್ಕಾಪಟ್ಟೆ ಬಿಗಿ,” ಎಂದರು ಲೆರಾಯ್ ಇಂಗ್ಲಿಷಿನಲ್ಲಿ.

ನಾನು ಅನುವಾದಿಸಿದೆ: “ಇವರ ಹಿರೀಕರನ್ನ ಸರಪಳಿ ಹಾಕಿ ಎಳ್ಕೊಂಡ್ ಹೋಗಿದ್ದು ಈ ಮಣ್ಣಿಂದ್ಲೇ ಅಂತೆ, ಅಜ್ಜಿ. ಬರಿಗಾಲಲ್ಲಿ ಮುಟ್ಟೋ ಆಸೆ ಆಯ್ತಂತೆ.”

ರಾಜಮಾತೆ ಕಣ್ಣೊರೆಸಿಕೊಂಡು, ಶುದ್ಧಿಗೆ ಕುರಿ ಕಡಿಸಿ, ಇನ್ನೊಮ್ಮೆ ಪಟ್ಟ ಕಟ್ಟಿಸಿದರು. ಆ ಕುರಿಯ ಸಾರಿಗೆ ನನ್ನ ಹೊಟ್ಟೆ ಕೆಟ್ಟಿದೆ, ಗಾಬರಿಯಾಗಬೇಡ.

ಅಳತೆ ನೋಡದೆ ಚಪ್ಪಲಿ ಕೊಂಡುತಂದವನು ನಾನೇ. ಬಾಯಿ ಬಿಡಬಾರದೆಂದು ಈ ಕಾರ್ಡು ತರುವ ಅಂಚೆಯವನಿಗೂ ಹೇಳು.

ಎಬೊ