ಬಿಳಿ ಇಲಿಗಳಿಗೂ ಹೊಸ ಅಕ್ಕಿ

ಪುತ್ತೂರು
ಶನಿವಾರ, ೮ ಅಕ್ಟೋಬರ್ ೧೯೮೩
ಸಂಜೆ ಆರೂವರೆ

ಬೆಳ್ಳಾರೆ ಬಸ್ಸಿನ ಕಂಡಕ್ಟರರಾಗಿದ್ದ ನಮ್ಮ ಮನೆಯವರಿಗೆ ಶೀಲಾವತಿಯ ನಮಸ್ಕಾರ.

ಈಗಷ್ಟೇ ನಿಮ್ಮ ಅಮ್ಮನನ್ನು ಬಸ್ಸು ಹತ್ತಿಸಿ ಬಂದೆ. ಕಾಲು ತೊಳೆದು, ದೀಪ ಹಚ್ಚಿ ಕೂತಿದ್ದೇನೆ. ಬೆಳಿಗ್ಗೆ ಇಲಿ ಪೆಟ್ಟಿಗೆಗಳ ಉಮಿ ಬದಲಾಯಿಸಿದ್ದು, ಮಧ್ಯಾಹ್ನ ಬಾಟಲಿ ತೊಳೆದದ್ದು, ಆಮೇಲೆ ಅತ್ತೆ ಬಂದದ್ದು, ಇಷ್ಟೇ ಈ ದಿನ. ದಿನಾ ಬರೆಯುವ ಹಾಗೆ ಡೈರಿಯಲ್ಲಿ ಎರಡು ಸಾಲು ಬರೆದು ಮಲಗಬಹುದಿತ್ತು. ಆದರೆ ಇದು ನಿಮಗೇ ಹೇಳಬೇಕಾದ ಸಂಗತಿ.

ಬಾಯಿಯ ಆ ಕ್ಯಾನ್ಸರಿನಲ್ಲಿ ನೀವು ಹೋದ ಮೇಲೆ ನಾನು ಸೇರಿದ ಕೆಲಸ ಎಂಥದೆಂದು ನಿಮಗೆ ಗೊತ್ತಿಲ್ಲ. ಇಲ್ಲಿಯ ಒಂದು ಕಾಲೇಜಿನ ಹಿಂಬದಿಗೆ ಎರಡು ಕೋಣೆಯ ಪ್ರಯೋಗಶಾಲೆ ಇದೆ. ಅಲ್ಲಿ ಬಿಳಿ ಇಲಿಗಳನ್ನು ಸಾಕಿದ್ದಾರೆ. ಕಡಬದಲ್ಲಿ ರಬ್ಬರ್ ತೋಟ ಮಾಡಿಕೊಂಡಿರುವ ಲೂಕೋಸರ ಮಗಳು ಲಾಲಿ ಅಲ್ಲಿ ಸಂಶೋಧನೆ ಮಾಡುತ್ತಾಳೆ. ಕೈಗವಸು ಹಾಕಿಕೊಂಡು, ಇಲಿಗಳ ಬೆನ್ನಿನ ಕೂದಲು ತೆಗೆದು, ಕ್ಯಾನ್ಸರ್ ಬರಿಸುವ ಒಂದು ರಾಸಾಯನಿಕವನ್ನು ಅಲ್ಲಿಗೆ ಹಚ್ಚುತ್ತಾಳೆ. ಆಮೇಲೆ ಕುಡಿಯಲಿಕ್ಕೆ ಅರ್ಧ ಇಲಿಗಳಿಗೆ ‘ಎ’ ವಿಟಮಿನ್ ಸೇರಿಸಿದ ಎಣ್ಣೆ, ಉಳಿದ ಅರ್ಧಕ್ಕೆ ಬರೀ ಎಣ್ಣೆ. ಆರೋಗ್ಯ ಕೇಂದ್ರದಲ್ಲಿ ಕಣ್ಣಿಗೆ ಒಳ್ಳೆಯದೆಂದು ಮಕ್ಕಳಿಗೆ ಕುಡಿಸುತ್ತಾರಲ್ಲ, ಅದೇ ವಿಟಮಿನ್. ಯಾವ ಇಲಿಗೆ ಗಂಟು ಬೇಗ ಬಂತು, ಯಾವುದಕ್ಕೆ ತಡವಾಯಿತು ಎಂದು ನೋಡುವುದು ಅವಳ ಕೆಲಸ. ತಿಂಡಿ ನೀರು ಇಡುವುದು, ಗಲೀಜು ತೆಗೆಯುವುದು ನನ್ನದು. ನಾನು ಸೇರಿದ್ದು ಕ್ಯಾನ್ಸರ್ ಎಂಬ ಮಾತು ಕೇಳಿದರೇ ಹೆದರುತ್ತಿದ್ದ ಕಾಲದಲ್ಲಿ. ಆದರೂ, ಯಾಕೋ, ಆ ಕೋಣೆಗೆ ಹೋದರೆ ನಿಮಗಾಗಿ ಇನ್ನೂ ಏನೋ ಮಾಡುತ್ತಿದ್ದೇನೆ ಅನ್ನಿಸುತ್ತದೆ.

ಮೊದಲ ದಿನವೇ ಲಾಲಿ, “ಈ ವಿಟಮಿನ್ ಹೊರಗಿನದ್ದೇನಲ್ಲ ಶೀಲಕ್ಕ, ನಾವು ತಿನ್ನುವ ಹರಿವೆ, ನುಗ್ಗೆಸೊಪ್ಪಿನಿಂದಲೂ ಮೈಗೆ ಸಿಗ್ತದೆ” ಅಂದಿದ್ದಳು. ನನಗೆ ನಿಮ್ಮ ಊಟದ ಬಟ್ಟಲು ನೆನಪಾಯಿತು. ನೀವು ಸೊಪ್ಪು ಮುಟ್ಟಿದವರಲ್ಲ. ಹರಿವೆ ಬಡಿಸಿದರೆ ಬಟ್ಟಲಿನ ಅಂಚಿಗೆ ದೂಡಿ, “ನಾನೆಂತ ಆಡು ಕುರಿಯಾ ಮಾರಾಯ್ತಿ?” ಎನ್ನುತ್ತಿದ್ದಿರಿ. ನಾನು ನಕ್ಕು ಮೀನು ಬಡಿಸುತ್ತಿದ್ದೆ. ಇಲಿಗಳ ವಿಷಯ ತಿಳಿದ ದಿನ ಅತ್ತೆ, ‘ನೀನು ಸೊಪ್ಪು ತಿನ್ನಿಸಿದ್ದರೆ ನನ್ನ ಮಗನ ಬಾಯಿಗೆ ಆ ಹುಣ್ಣು ಬರುತ್ತಿತ್ತಾ?’ ಎಂದು ಕೇಳಿದರೆ ಏನು ಹೇಳಲಿ? ಆ ಹೆದರಿಕೆಗೆ ಅವರ ಹತ್ತಿರ ಕಾಲೇಜಿನಲ್ಲಿ ಗುಡಿಸುವ ಕೆಲಸ ಎಂದಷ್ಟೇ ಹೇಳಿದ್ದೆ.

ಇವತ್ತು ಬೆಳ್ಳಾರೆ ಮನೆಯಲ್ಲಿ ಹೊಸ ಅಕ್ಕಿ ಊಟ, ಈ ವರ್ಷದ ಪೈರಿನ ಮೊದಲ ಅನ್ನ. ಲಾಲಿ ಗಂಟುಗಳ ಲೆಕ್ಕ ತೆಗೆಯುವ ವಾರವಾದ್ದರಿಂದ ರಜೆ ಕೇಳಲು ಮನಸ್ಸಾಗಲಿಲ್ಲ. ಮೂರು ಗಂಟೆಗೆ ನೋಡಿದರೆ ಅತ್ತೆಯೇ ಪ್ರಯೋಗಶಾಲೆಯ ಬಾಗಿಲಲ್ಲಿ ನಿಂತಿದ್ದಾರೆ, ಕೈಯಲ್ಲಿ ಬಾಳೆಲೆಯ ಕಟ್ಟು!

“ಸೊಸೆ ಹೊಸಕ್ಕಿ ಉಣ್ಣದೆ ಕೂತರೆ ನನ್ನ ಗಂಟಲಲ್ಲಿ ಇಳಿಯುದು ಹೇಗೆ? ಕಂಡಕ್ಟರ್ ಡೊಂಬಯ್ಯನ ಅಮ್ಮ ಅಂತ ಬಸ್ಸಿನವರು ಎದುರಿನ ಸೀಟೇ ಕೊಟ್ಟರು,” ಎಂದು ಒಳಗೆ ಬಂದವರು ಪೆಟ್ಟಿಗೆಗಳನ್ನು ಕಂಡು ಮೂಗಿನ ಮೇಲೆ ಬೆರಳಿಟ್ಟರು. “ಇಲಿ ಓಡಿಸಲಿಕ್ಕೆ ಜನ ಇಡುದು ಕೇಳಿದ್ದೇನೆ. ಸಾಕಲಿಕ್ಕೆ ಜನ ಇಡುದು ಇವತ್ತೇ ನೋಡಿದ್ದು.”

ಕೂತಿರಿ ಎಂದು ಹೇಳಿ ಕೈ ತೊಳೆಯಲು ಹಿಂದೆ ಹೋದೆ. ತಿರುಗಿ ಬರುವಷ್ಟರಲ್ಲಿ ಅತ್ತೆ ಒಂದು ಪೆಟ್ಟಿಗೆಯ ತಂತಿ ಮುಚ್ಚಳ ಸರಿಸಿ ಅನ್ನ ಹಾಕಿ ಆಗಿತ್ತು. ಅನ್ನದ ಮೇಲೆ ಹರಿವೆ ಪಲ್ಯ. ಇಲಿಗಳು ಮುಂಗಾಲಲ್ಲಿ ಹಿಡಿದು ತಿನ್ನುತ್ತಿದ್ದವು.

“ಅತ್ತೇ, ಎಂತ ಮಾಡಿದ್ದು!”

“ಎಂತ ಮಾಡಿದ್ದು? ಹಟ್ಟಿಯ ದನಕ್ಕೆ, ನಾಯಿಗೆ, ಬೆಕ್ಕಿಗೆ ಎಲ್ಲ ಕೊಟ್ಟೇ ಬಂದದ್ದು. ಇವು ನಿನ್ನ ಕೈಯಲ್ಲಿ ತಿನ್ನುದಲ್ಲವಾ? ಇವಕ್ಕೆ ಬೇಡವಾ ಹೊಸಕ್ಕಿ?”

ಅದು ಬರೀ ಎಣ್ಣೆ ಕುಡಿಯುವ ಇಲಿಗಳ ಪೆಟ್ಟಿಗೆ. ಅದಕ್ಕೆ ಕೊಟ್ಟ ತಿಂಡಿ ಬಿಟ್ಟು ಬೇರೇನೂ ಬೀಳಬಾರದು. ಅಷ್ಟರಲ್ಲಿ ಲಾಲಿ ಬಂದಳು. ಅವಳು ಕೇಳುವ ಮೊದಲೇ ನಡೆದದ್ದನ್ನು ಹೇಳಿದೆ. ಮುಚ್ಚಳ ಎತ್ತಿ ಬಹಳ ಹೊತ್ತು ನೋಡಿದಳು. ಮುಂದಿನ ತಿಂಗಳು ಮಂಗಳೂರಿನ ಪ್ರೊಫೆಸರರಿಗೆ ಲೆಕ್ಕ ಒಪ್ಪಿಸಬೇಕಾದವಳು, ಪಾಪ.

“ಒಂದು ತುತ್ತಿನಿಂದ ಎಂತದೂ ಆಗ್ಲಿಕ್ಕಿಲ್ಲ. ಆದ್ರೂ ಇನ್ನು ಈ ಪೆಟ್ಟಿಗೆಯನ್ನು ಲೆಕ್ಕಕ್ಕೆ ಹಿಡಿಲಿಕ್ಕೆ ಆಗುದಿಲ್ಲ,” ಅಂದಳು.

“ಯಾರಿಗೆ ಗೊತ್ತಾಗ್ತದೆ ಮಗಾ?” ಎಂದು ಅತ್ತೆ ಮೆಲ್ಲಗೆ ಕೇಳಿದರು.

“ನನಗೆ ಗೊತ್ತಾಯ್ತಲ್ಲ ಅಜ್ಜಿ.” ಪೆಟ್ಟಿಗೆಯನ್ನು ಬೇರೆ ಕಪಾಟಿಗೆ ಸಾಗಿಸಿ, ಕೈ ತೊಳೆದು ಬಂದಳು. ಅತ್ತೆಯ ಮುಖ ಬಾಡಿದ್ದು ಕಂಡು, “ಅಜ್ಜಿ, ಹೊಸಕ್ಕಿ ಇಲಿಗೆ ಮಾತ್ರವಾ? ನಮಗೆ ಇಲ್ವಾ?” ಅಂದಳು. ಮೂವರೂ ಹೊರಗಿನ ಜಗಲಿಯಲ್ಲಿ ಕೂತೆವು.

ಉಣ್ಣುತ್ತಾ ಅತ್ತೆ ಆ ಎಣ್ಣೆಯ ವಿಷಯ ಕೆದಕಿದರು. ಲಾಲಿ ಎಲ್ಲವನ್ನೂ ಹೇಳಿದಳು, ಸೊಪ್ಪಿನ ಮಾತನ್ನೂ.

“ಅಂದರೆ ಸೊಪ್ಪು ತಿಂದರೆ ಆ ಕಾಯಿಲೆ ಬರುದಿಲ್ಲವಾ?”

ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು. ‘ಹಾಗೇನಿಲ್ಲ’ ಎಂದು ಲಾಲಿ ಒಂದು ಮಾತು ಹೇಳಿಬಿಡಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅವಳು ಹಾಗೆ ಹೇಳಲಿಲ್ಲ.

“ಗೊತ್ತಿಲ್ಲ ಅಜ್ಜಿ. ವಿಟಮಿನ್ ಕೊಟ್ಟ ಇಲಿಗಳಿಗೆ ಗಂಟು ಸ್ವಲ್ಪ ಕಮ್ಮಿ ಕಾಣ್ತದೆ. ಬರುದೇ ಇಲ್ಲ ಅಂತ ಇಲ್ಲ. ಜಾಸ್ತಿ ಕೊಟ್ಟರೆ ಅದೂ ವಿಷವೇ, ರೋಮ ಉದುರಿ ಇಲಿ ಸೊರಗ್ತದೆ. ಇಲಿಗೆ ಆದದ್ದು ಮನುಷ್ಯರಿಗೆ ಆಗ್ತದೆ ಅಂತ ಹೇಳಲಿಕ್ಕೆ ಇನ್ನೂ ಎಷ್ಟೋ ವರ್ಷ ಬೇಕು. ನಿಮ್ಮ ಮಗ ಸೊಪ್ಪು ತಿಂದಿದ್ದರೆ ಉಳೀತಿದ್ದರು ಅಂದರೂ ಸುಳ್ಳು, ಉಳೀತಿರಲಿಲ್ಲ ಅಂದರೂ ಸುಳ್ಳು. ಹೊಗೆಸೊಪ್ಪು ಕೆಟ್ಟದ್ದು, ಅದು ಮಾತ್ರ ಗೊತ್ತುಂಟು.”

“ಅವನು ತಿಂದ ಸೊಪ್ಪು ಅದೊಂದೇ,” ಅಂದರು ಅತ್ತೆ. ಲಾಲಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಅತ್ತೆ ಎಲೆ ಮಡಚಿ ಎದ್ದರು.

ಬಸ್‌ಸ್ಟ್ಯಾಂಡಿಗೆ ಇಬ್ಬರೂ ನಡೆದುಕೊಂಡು ಹೋದೆವು. ಬಂತು ಆ ಪ್ರಶ್ನೆ, ಈಗ ಕೇಳುತ್ತಾರೆ ಎಂದು ನಾನು ಕಾಯುತ್ತಲೇ ಇದ್ದೆ. ಬೆಂಚಿನ ಮೇಲೆ ಕೂತ ಮೇಲೆ, ನನ್ನ ಮುಖ ನೋಡದೆ ಹೇಳಿದರು: “ಶೀಲಾ, ಅವನಿಗೆ ಎಲೆ ಅಡಿಕೆಯ ರುಚಿ ಹಿಡಿಸಿದ್ದು ನಾನು. ಮೊಣಕಾಲಷ್ಟು ಇರುವಾಗ ಸೆರಗು ಎಳೆದು ಕೇಳ್ತಿದ್ದ. ನಾನು ಜಗಿದದ್ದರಲ್ಲಿ ಚೂರು ತೆಗೆದು ಬಾಯಿಗೆ ಇಡ್ತಿದ್ದೆ. ನೀನು ಒಂದು ದಿನ ಕೇಳ್ತಿ ಅಂತ ಎರಡು ವರ್ಷದಿಂದ ಹೆದರಿ ಕೂತಿದ್ದೇನೆ.”

ನಾನು ಅವರಿಗೆ ಹೆದರಿದ್ದೆ, ಅವರು ನನಗೆ. ಒಂದೇ ಮನೆಯ ಇಬ್ಬರು ಹೆಂಗಸರು!

“ನೀವು ಹೊಗೆಸೊಪ್ಪು ಕೊಡಲಿಲ್ಲವಲ್ಲ ಅತ್ತೆ. ಅದನ್ನು ಅವರು ಬಸ್ಸಿನಲ್ಲಿ ಕಲಿತದ್ದು,” ಎಂದೆ. ಅವರ ಕೈ ಹಿಡಿದುಕೊಂಡೆ.

ಅತ್ತೆ ಮೂಗು ಒರೆಸಿಕೊಂಡರು. “ನೀನು ಸೊಪ್ಪಿನ ವಿಷಯ ತಲೆಗೆ ಹಚ್ಚಿಕೊಂಡಿದ್ದಿ. ಉಣ್ಣುವಾಗ ನಿನ್ನ ಮುಖ ಕಂಡೆ. ಅವನು ಹುಟ್ಟಿದಲ್ಲಿಂದ ಸೊಪ್ಪಿನ ವೈರಿ, ಹರಿವೆ ಹಾಕಿದರೆ ಕೋಳಿಗೆ ಬಿಸಾಡಿ ಓಡ್ತಿದ್ದ. ನನ್ನ ಬೆತ್ತದಿಂದ ಆಗದ್ದು ನಿನ್ನ ನಗೆಯಿಂದ ಆಗ್ತಿತ್ತಾ, ಬಿಡು.”

ನಾವಿಬ್ಬರೂ ನಕ್ಕೆವು. ಪಕ್ಕದಲ್ಲಿ ಕೂತವರು ತಿರುಗಿ ನೋಡುವಷ್ಟು. ಅಷ್ಟರಲ್ಲಿ ಬೆಳ್ಳಾರೆ ಬಸ್ಸು ಬಂತು.

ಲಾಲಿ ‘ಗೊತ್ತಿಲ್ಲ’ ಅಂದಳಲ್ಲ, ಆಗ ಅದು ಕಹಿಯಾಗಿತ್ತು. ಈಗ ಕೂತು ಯೋಚಿಸಿದರೆ ಆ ಮಾತಿನಲ್ಲಿ ನಮ್ಮಿಬ್ಬರಿಗೂ ಜಾಗವಿತ್ತು ಅನ್ನಿಸುತ್ತದೆ. ಗೊತ್ತಿಲ್ಲದ್ದಕ್ಕೆ ಯಾರನ್ನು ದೂರುವುದು?

ನೀವು ಇರುವಲ್ಲಿ ಬಾಯಿ ಉರಿಯದೆ ಎರಡು ತುತ್ತು ಉಣ್ಣುವ ಹಾಗಾಗಲಿ. ಮನೆಯಲ್ಲಿ ತೀರಿಹೋದ ಹಿರಿಯರಿಗೆ ಬಡಿಸುವಾಗ ನಿಮ್ಮ ಎಲೆಗೂ ಹರಿವೆ ಬಡಿಸಿದ್ದಾರಂತೆ. ದೂಡಬೇಡಿ.

ನಾಳೆ ಭಾನುವಾರ. ಕಾಲೇಜಿಗೆ ರಜೆ, ಇಲಿಗಳಿಗೆ ಇಲ್ಲ. ಎಂಟು ಗಂಟೆಗೆ ಹೋಗಿ ನೀರು ತುಂಬಿಸಬೇಕು.

ನಿಮ್ಮವಳೇ ಆದ
ಶೀಲಾವತಿ